ಬ್ರಹ್ಮಾವರದ ಹುಡುಗಿಗೆ ಐದು ಮಾತು ಬರುತ್ತಿತ್ತು

ನನ್ನ ಮಗಳೂ ತಂಗಿಯ ಮಗನೂ ಹನ್ನೊಂದು ದಿನದ ಅಂತರದಲ್ಲಿ ಹುಟ್ಟಿದವರು. ಅಕ್ಕ ತಂಗಿ ಇಬ್ಬರಿಗೂ ನಾವುಂದದ ತವರಿನಲ್ಲಿ ಒಟ್ಟಿಗೇ ಬಾಣಂತನ. ಒಂದೇ ಕೋಣೆಯಲ್ಲಿ ಎರಡು ತೊಟ್ಟಿಲು. ಅಬ್ಬಿ, ಅಂದರೆ ನಮ್ಮ ತಾಯಿ, ಮೂರು ತಿಂಗಳು ಮೀನಿನ ಬುಟ್ಟಿಯನ್ನು ಮೂಲೆಗಿಟ್ಟು, ಎರಡು ಮಕ್ಕಳನ್ನೂ ಒಂದಾದ ಮೇಲೆ ಒಂದರಂತೆ ಕಾಲ ಮೇಲೆ ಮಲಗಿಸಿಕೊಂಡು ಮೀಯಿಸುತ್ತಿದ್ದಳು. ತಂಗಿಯ ಮಗ ನೀರು ಬಿದ್ದ ಕೂಡಲೇ ಕೇರಿಗೆಲ್ಲ ಕೇಳುವಂತೆ ಬೊಬ್ಬೆ ಹಾಕುತ್ತಿದ್ದ. ನನ್ನ ಮಗಳು ನಗುತ್ತಿದ್ದಳು. ಎರಡು ತಿಂಗಳಾಗುವಾಗಲೇ ಅವಳಿಗೆ ನಗು ಬಂದಿತ್ತು. ಬರಿಯ ತುಟಿಯ ನಗುವಲ್ಲ, ಹೊಟ್ಟೆ ಕುಲುಕುವ ನಗು.

"ನಿನ್ನ ಹೆಣ್ಣ್ ನಗುಕಂದೇ ಹುಟ್ಟದ್ದ್ ಕಾಣ್" ಎಂದು ಅಬ್ಬಿ ಹೇಳುವಳು.

ಮೇಲಿಂದ ಬಣ್ಣ ಬೇರೆ. ನಮ್ಮದು ಸಮುದ್ರದ ಬಿಸಿಲಿನಲ್ಲಿ ಬೆಂದ ಮನೆತನ. ಅಂಥ ಮನೆಯಲ್ಲಿ ಬೆಳ್ಳಗಿನ ಕೂಸು, ತಲೆ ತುಂಬ ಕಂದು ಕೂದಲು. ನೋಡಲು ಬಂದವರೆಲ್ಲ ತಂಗಿಯ ತೊಟ್ಟಿಲಿಗೆ ಒಮ್ಮೆ ಇಣುಕಿ, ಆಮೇಲೆ ನನ್ನ ತೊಟ್ಟಿಲ ಹತ್ತಿರ ನಿಂತುಬಿಡುತ್ತಿದ್ದರು. ನಿದ್ದೆಯಿಲ್ಲದೆ ಕಣ್ಣು ಊದಿಸಿಕೊಂಡ ತಂಗಿ ಹೇಳುತ್ತಿದ್ದಳು, "ಅಕ್ಕ, ಅದ್ಲು ಬದ್ಲು ಮಾಡ್ಕಂಬ. ಈ ಬೊಬ್ಬೆ ಹೊಡುವವನ್ನ ನೀನ್ ಇಟ್ಕೊ."

ನಗೆಯಲ್ಲೇ ಹೇಳಿದ್ದು. ಆದರೂ ಅದರ ಅಡಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಇತ್ತು, ನನಗೆ ಗೊತ್ತಾಗುತ್ತಿತ್ತು, ಗೊತ್ತಾಗಿ ಖುಷಿಯಾಗುತ್ತಿತ್ತು. ಮಗಳು ಹಾಲು ಎಳೆಯಲು ಕಷ್ಟಪಡುತ್ತಿದ್ದಳು, ಕುಡಿದದ್ದರಲ್ಲಿ ಅರ್ಧ ಕಾರುತ್ತಿದ್ದಳು. ಅದನ್ನು ನಾನು ತಂಗಿಗೆ ಹೇಳಲಿಲ್ಲ.

ಎಂಟನೇ ತಿಂಗಳಿಗೆ ಅವಳ ಮಗ ಕೂತ. ಹನ್ನೊಂದಕ್ಕೆ ಗೋಡೆ ಹಿಡಿದು ನಿಂತ. ಅಷ್ಟರಲ್ಲಿ ನಾನು ಕುಂದಾಪುರದ ಪಕ್ಕದ ಕೋಡಿಯ ಗಂಡನ ಮನೆಗೆ ಬಂದಾಗಿತ್ತು. ತಂಗಿ ಫೋನಿನಲ್ಲಿ ವಿಡಿಯೋ ಕಳಿಸುತ್ತಿದ್ದಳು. ನನ್ನ ಮಗಳನ್ನು ದಿಂಬಿನ ಮಧ್ಯೆ ಕೂರಿಸಿದರೆ ನಗುತ್ತ ನಗುತ್ತ ಒಂದು ಬದಿಗೆ ವಾಲಿ ಬೀಳುವಳು, ಬಿದ್ದು ಮತ್ತೂ ನಗುವಳು. "ಹೆಣ್ಮಕ್ಳ್ ಒಂಚೂರ್ ತಡ" ಎಂದು ಅತ್ತೆ ಹೇಳಿದರು. ನಾನು ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳು, ಹೆಣ್ಣುಮಕ್ಕಳೇ ಬೇಗ ಎಂದು ತಿಳಿದಿದ್ದವಳು. ಆದರೂ ಅತ್ತೆಯ ಮಾತನ್ನೇ ನಂಬಿಕೊಂಡೆ. ಒಂದು ವರ್ಷದ ಹುಟ್ಟುಹಬ್ಬಕ್ಕೆ ಅಬ್ಬಿ ಇಬ್ಬರನ್ನೂ ಒಟ್ಟಿಗೆ ಕರೆದಾಗ ಮಗಳಿಗೆ ಜ್ವರ ಎಂದು ಸುಳ್ಳು ಹೇಳಿದೆ. ಆಮೇಲೆ ವರ್ಷಗಟ್ಟಲೆ ನಾನು ನಾವುಂದಕ್ಕೆ ಹೋಗಲಿಲ್ಲ. ಕುಂದಾಪುರದಿಂದ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯೂ ಇಲ್ಲದ ದಾರಿ ಅದು.

ಎರಡು ವರ್ಷವಾದಾಗ ಫಿಟ್ಸ್ ಬಂತು. ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಹೋದೆವು. ರಕ್ತ ಎಲ್ಲಿಗೋ ಹೋಯಿತು, ತಿಂಗಳು ಬಿಟ್ಟು ಕಾಗದ ಬಂತು. ಯಾವುದೋ ದೇಶದ ಡಾಕ್ಟರೊಬ್ಬರ ಹೆಸರಿನ ಕಾಯಿಲೆ. ಅತ್ತೆಗೆ ಆ ಹೆಸರು ಇವತ್ತಿಗೂ ನಾಲಿಗೆಗೆ ಹತ್ತಿಲ್ಲ. ನಮಗೆ ವಿವರಿಸಿದ ಹೆಂಗಸು ಡಾಕ್ಟರು ಒಳ್ಳೆಯವರು, ಒಂದು ಹಾಳೆಯ ಮೇಲೆ ಎರಡು ಉದ್ದ ಗೆರೆ ಎಳೆದು ತೋರಿಸಿದರು.

"ಪ್ರತಿಯೊಂದು ಕ್ರೋಮೋಸೋಮೂ ನಮ್ಮಲ್ಲಿ ಎರಡೆರಡು ಇರುತ್ತೆ. ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಇದು ಹದಿನೈದನೆಯದು. ಅಮ್ಮನಿಂದ ಬಂದದ್ದರಲ್ಲಿ ಇಷ್ಟು ತುಂಡು ಇಲ್ಲ." ಒಂದು ಗೆರೆಯ ಮಧ್ಯೆ ರಬ್ಬರಿನಿಂದ ಉಜ್ಜಿದರು.

"ಅಪ್ಪನದು?" ಎಂದು ಕೇಳಿದೆ.

"ಅಪ್ಪನದು ಸರಿಯಾಗಿಯೇ ಇದೆ. ಆದರೆ ಈ ಒಂದು ಜೀನಿನ ಮಟ್ಟಿಗೆ, ಮೆದುಳಿನಲ್ಲಿ ಅಪ್ಪನದು ಮಲಗಿರುತ್ತೆ. ಎಲ್ಲರಲ್ಲೂ ಹಾಗೆಯೇ. ಅಮ್ಮನದು ಮಾತ್ರ ಕೆಲಸ ಮಾಡುವುದು. ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲಮ್ಮ, ಯಾರಿಗೂ ಆಗಬಹುದಾದದ್ದು."

ಮಾತು ಬರುವುದು ಕಷ್ಟ, ನಡಿಗೆ ತಡವಾಗಬಹುದು, ನಿದ್ದೆ ಕಡಿಮೆ, ನೀರು ಕಂಡರೆ ಹುಚ್ಚು, ಮತ್ತೆ ನಗು. ನಗು ಕೂಡ ಆ ಪಟ್ಟಿಯಲ್ಲಿ ಇತ್ತು. ಬೆಳ್ಳಗಿನ ಬಣ್ಣವೂ ಇತ್ತು. ಕಳೆದುಹೋದ ತುಂಡಿನಲ್ಲೇ ಬಣ್ಣಕ್ಕೆ ಸಂಬಂಧಿಸಿದ್ದೂ ಒಂದು ಇರುತ್ತದಂತೆ, ಅದಕ್ಕೇ ಈ ಮಕ್ಕಳು ಮನೆಯವರಿಗಿಂತ ಬಿಳಿ. ನಾವುಂದದ ಆ ಕೋಣೆಯಲ್ಲಿ ನಾನು ಹೆಮ್ಮೆಪಟ್ಟಿದ್ದ ಎರಡೂ ಅವತ್ತು ಮೇಜಿನ ಮೇಲೆ ಕಾಯಿಲೆಯಾಗಿ ಕೂತವು.

ಗಂಡ ಹೊರಗೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು ಲಾರಿಗೆ ತುಂಬಿಸುವ ವ್ಯಾಪಾರ ಅವರದು, ಮಾತು ಕಡಿಮೆ. ಆ ಕೈಯನ್ನು ನಾನು ಕೊಡವಿದೆ. ಮಲಗಿದ್ದರೂ ಸರಿಯಾಗಿ ಇದ್ದದ್ದು ಅವರದು ತಾನೆ? ಗಂಡನ ಮೇಲೆ ಕೂಡ ಹೊಟ್ಟೆಕಿಚ್ಚು ಪಡಬಹುದು ಎಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಮಾರನೆಯ ದಿನ ಅತ್ತೆ ತೊಂದರೆ ತಮ್ಮ ಮಗನ ಕಡೆಯದಲ್ಲ ಎಂದು ಫೋನಿನಲ್ಲಿ ಯಾರಿಗೋ ಹೇಳುವುದು ಕೇಳಿಸಿತು: "ನಮ್ಮ ಮಾಣಿ ಬದಿದ್ ಅಲ್ಲ ಅಂಬ್ರ್."

ಶಾಲೆ ಬಿಟ್ಟೆ. ವಾರಕ್ಕೆ ಎರಡು ಸಲ ಕುಂದಾಪುರದ ಥೆರಪಿ ಕೇಂದ್ರಕ್ಕೆ ಮಗಳನ್ನು ಎತ್ತಿಕೊಂಡು ಹೋಗುತ್ತಿದ್ದೆ. ನಾಲ್ಕು ವರ್ಷದ ಮಗುವನ್ನು ಎತ್ತಿಕೊಂಡು ಹೋಗುವಾಗ ಬಸ್ಸಿನವರು ಕೇಳುತ್ತಿದ್ದರು, "ಕಾಲ್ ನೋವಾ?" ಹೌದು ಎನ್ನುತ್ತಿದ್ದೆ. ಮಗಳು ಅವರೆಲ್ಲರಿಗೂ ನಗುತ್ತಿದ್ದಳು. ಕಂಡಕ್ಟರಿಗೆ, ಬಸ್‌ಸ್ಟ್ಯಾಂಡಿನ ನಾಯಿಗೆ, ಸೂಜಿ ಚುಚ್ಚಿದ ನರ್ಸಿಗೆ. ಯಾರು ಕೈ ಚಾಚಿದರೂ ಹೋಗುವಳು.

ನನ್ನನ್ನು ಒಳಗಿಂದ ತಿಂದದ್ದು ಅದು. ಎಲ್ಲರಿಗೂ ಕೊಡುವ ಅದೇ ನಗುವನ್ನು ನನಗೂ ಕೊಡುತ್ತಿದ್ದಳು, ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ. "ನಮ್ಮ ಮಾಣಿ ಬದಿದ್ ಅಲ್ಲ" ಎಂದ ಅದೇ ಅತ್ತೆ ದಿನವೂ ಸಂಜೆ ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಗಂಟೆಗಟ್ಟಲೆ ಹಾಡುತ್ತಿದ್ದರು, ಅವಳು ಅತ್ತೆಯ ಬಾಯಿಗೆ ಬೆರಳು ಹಾಕಿ ಕೇಕೆ ಹಾಕುತ್ತಿದ್ದಳು. ಒಂದು ದಿನ ನಾನು ಬಾಗಿಲ ಹಿಂದೆ ಅಡಗಿ ನಿಂತು ನೋಡಿದೆ. ಕಾಲು ಗಂಟೆ. ಅವಳು ನನ್ನನ್ನು ಹುಡುಕಲಿಲ್ಲ. ಒಳಗೆ ಹೋಗಿ ಬಂಗ್ಡೆ ಮೀನು ಕೊಯ್ಯಲು ಕೂತವಳು ಕೈ ಕೊಯ್ದುಕೊಂಡೆ.

ಅದೇ ವರ್ಷ ಥೆರಪಿ ಕೇಂದ್ರದ ಮೇಡಂ ಒಂದು ವಿಷಯ ಹೇಳಿದರು. ಬ್ರಹ್ಮಾವರದಲ್ಲಿ ಇನ್ನೊಂದು ಹುಡುಗಿಗೆ ಇದೇ ಕಾಯಿಲೆ ಇದೆ, ನಿಮ್ಮ ಮಗಳಿಗಿಂತ ಆರು ತಿಂಗಳು ದೊಡ್ಡವಳು ಎಂದು. ನಂಬರು ಕೊಟ್ಟರು. ಅಲ್ಲೇ ಮೆಟ್ಟಿಲ ಮೇಲೆ ನಿಂತು ಫೋನು ಮಾಡಿದೆ. ಎತ್ತಿದವಳು ಹುಡುಗಿಯ ತಾಯಿ. ಕಾಯಿಲೆಯ ಹೆಸರು ಹೇಳಿದ ಕೂಡಲೇ ಅವಳೆಂದಳು, "ಬನ್ನಿ ಮಾರಾಯ್ರೆ. ನಾಳೆಯೇ ಬನ್ನಿ. ಈ ಹೆಸರನ್ನ ಮತ್ತೊಬ್ಬರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ."

ಮಗಳಿಗೆ ಹೊಸ ಫ್ರಾಕು ಹಾಕಿ, ಕೂದಲಿಗೆ ಕ್ಲಿಪ್ಪು ಸಿಕ್ಕಿಸಿ, ನೆಂಟರ ಮನೆಗೆ ಹೋಗುವವಳಂತೆ ಹೊರಟೆ. ಉಡುಪಿ ಬಸ್ಸಿನಲ್ಲಿ ತೆಕ್ಕಟ್ಟೆ, ಕೋಟ, ಸಾಲಿಗ್ರಾಮ ದಾಟುವಾಗ ನನ್ನ ಎದೆ ಹಗುರವಾಗಿತ್ತು. ಇನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಅಲ್ಲಿಯೂ ಒಂದು ಮಗು ದಿಂಬಿನ ಮಧ್ಯೆ ಕೂತಿರುತ್ತದೆ, ಅಲ್ಲಿಯೂ ಒಬ್ಬ ತಾಯಿ ಸೆರಗಿನಲ್ಲಿ ಜೊಲ್ಲು ಒರೆಸುತ್ತಿರುತ್ತಾಳೆ ಎಂದುಕೊಂಡೆ.

ಗೇಟಿನ ಚಿಲಕ ಶಬ್ದ ಮಾಡಿದ ಕೂಡಲೇ ಬಾಗಿಲು ತೆರೆಯಿತು. ತೆರೆದದ್ದು ಹುಡುಗಿ. ಎರಡೂ ಕೈ ಮೇಲೆತ್ತಿಕೊಂಡು, ಕಾಲು ಅಗಲ ಹಾಕಿ, ತೂರಾಡುತ್ತ, ಯಾರೂ ಹಿಡಿಯದೆ ನಡೆದು ಬಂದಳು. ಮನೆಯವರಂತೆಯೇ ಕಪ್ಪು ಬಣ್ಣ, ಕಪ್ಪು ಕೂದಲು. ಅದೇ ಹೊಟ್ಟೆ ಕುಲುಕುವ ನಗು. ನನ್ನನ್ನು ನೋಡಿ "ಬಾ" ಎಂದಳು. ತಿರುಗಿ ಒಳಗೆ ನೋಡಿ ಕೂಗಿದಳು, "ಅಮ್ಮ!"

ಆ ಕ್ಷಣದಲ್ಲಿ ನನಗೆ ಏನಾಯಿತೆಂದು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಆ ಮಗು ಕಾಲು ಜಾರಿ ಬೀಳಲಿ ಅನಿಸಿತು.

ತಾಯಿ ಒಳಗಿಂದ ಕೈ ಒರೆಸುತ್ತ ಬಂದಳು. ನನ್ನದೇ ವಯಸ್ಸು. ಅವಳ ಗಂಡ ಮದುವೆ, ಉಪನಯನ, ದೇವಸ್ಥಾನದ ಊಟಗಳಿಗೆ ಅಡುಗೆಗೆ ಹೋಗುವವರು, ತಿಂಗಳಲ್ಲಿ ಅರ್ಧದಷ್ಟು ದಿನ ಮನೆಯಲ್ಲಿ ಇಲ್ಲ. ವಯಸ್ಸಾದ ಮಾವ ಒಬ್ಬರು ಜಗಲಿಯಲ್ಲಿದ್ದರು. ಹುಡುಗಿಗೆ ಐದು ಮಾತು ಬರುತ್ತದೆ ಎಂದು ಅವಳು ನಾಚಿಕೊಂಡೇ ಹೇಳಿದಳು: ಅಮ್ಮ, ಬಾ, ಬೇಡ, ನೀರಿಗೆ ನೀ, ಅಜ್ಜನಿಗೆ ಜಜ.

"ಇವರಲ್ಲಿ ಎರಡು ಮೂರು ನಮೂನೆ ಉಂಟಂತೆ" ಎಂದಳು. "ನಮ್ಮ ಹುಡುಗಿದು ತುಂಡು ಹೋದದ್ದಲ್ಲ. ಆ ಜೀನಿನಲ್ಲಿ ಅಕ್ಷರ ಒಂದು ತಪ್ಪಿದ್ದು ಅಷ್ಟೇ. ಹಾಗಾಗಿ ಸ್ವಲ್ಪ..." ಅಲ್ಲಿಗೆ ನಿಲ್ಲಿಸಿದಳು. ನನ್ನ ಮುಖದಲ್ಲಿ ಏನೋ ಕಂಡಿರಬೇಕು.

ಮಕ್ಕಳಿಬ್ಬರನ್ನೂ ಹಿತ್ತಲಿನಲ್ಲಿ ನೀರಿನ ಬಾನಿಯ ಎದುರು ಕೂರಿಸಿದೆವು. ಎರಡೂ ಒಂದೇ ಥರ ಕೈ ಬಡಿದು ನೀರು ಎರಚಿಕೊಂಡವು. ಅವಳು ಫಿಟ್ಸಿಗೆ ಕೊಡುವ ಮಾತ್ರೆಯ ಹಾಳೆ ತಂದು ತೋರಿಸಿದಳು, ನೀಲಿ ಅಂಚಿನ ಹಾಳೆ. ನಾವು ಕೊಡುತ್ತಿದ್ದದ್ದೂ ಅದೇ. ಹೋಗುವಾಗ ಡಬ್ಬಿಯಲ್ಲಿ ಹಾಕಿಕೊಟ್ಟ ಹೋಳಿಗೆಯನ್ನು ನಾನು ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೋ ಕೊಟ್ಟೆ.

ತಂಗಿಯ ಮೇಲಿನ ಹೊಟ್ಟೆಕಿಚ್ಚಿಗೆ ಒಂದು ಮಿತಿಯಿತ್ತು. ಅವಳ ಮಗ ಬೇರೆ, ಅವನ ಲೋಕ ಬೇರೆ. ಇದು ಹಾಗಲ್ಲ. ಅದೇ ಕಾಯಿಲೆ, ಅದೇ ನಗು, ಅದೇ ಹೆದ್ದಾರಿಯ ಬದಿಯ ಮನೆ. ಇಷ್ಟು ಹತ್ತಿರ ಬಂದು, ನನಗೆ ಸಿಗಬಹುದಾಗಿದ್ದದ್ದು ಅವಳಿಗೆ ಸಿಕ್ಕಿತ್ತು.

ಆದರೂ ಸಂಬಂಧ ಬಿಡಲಿಲ್ಲ, ಬಿಡಲು ಆಗಲಿಲ್ಲ. ನಿದ್ದೆ ಬಾರದ್ದಕ್ಕೆ ಏನು ಮಾಡುತ್ತೀರಿ, ಹಲ್ಲು ಉಜ್ಜಿಸುವುದು ಹೇಗೆ, ಇಂಥದನ್ನೆಲ್ಲ ಕೇಳಲು ನನಗೂ ಬೇರೆ ಯಾರೂ ಇರಲಿಲ್ಲ. ಮಳೆಗಾಲಕ್ಕೆ ಕಡಲಿಗಿಳಿಯದ ಬೋಟು ರಜೆಯ ಜೂನಿನಲ್ಲಿ ಒಮ್ಮೆ ಅವಳು ಹುಡುಗಿಯನ್ನು ಕರೆದುಕೊಂಡು ಕೋಡಿಗೆ ಬಂದಳು. ನಾನು ಅಡುಗೆಮನೆಯಲ್ಲಿ ಹೊಳೆಮೀನು ಶುದ್ಧ ಮಾಡುತ್ತಿದ್ದೆ. ಅವರ ಮನೆಯಲ್ಲಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಮುಚ್ಚಿಡಲು ಓಡಾಡಿದರೆ ಅವಳು ಮಣೆ ಎಳೆದುಕೊಂಡು ಅಲ್ಲೇ ಕೂತು, "ನೀವು ನಿಮ್ಮ ಕೆಲಸ ಮಾಡಿ, ನಂಗೆ ಒಂದು ಲೋಟ ಚಾ ಸಾಕು" ಎಂದಳು. ಆ ದೊಡ್ಡ ಮನಸ್ಸನ್ನು ನೋಡಿಯೂ ನನಗೆ ಕಿಚ್ಚೇ ಆಯಿತು. ಮಗಳಿಗೆ ಮಾತು ಬಂದರೆ ಯಾರ ಮನಸ್ಸೂ ದೊಡ್ಡದಾಗುತ್ತದೆ ಎಂದುಕೊಂಡೆ.

ಮರುವರ್ಷ ಥೆರಪಿ ಕೇಂದ್ರಕ್ಕೆ ಹೊರಗಿನ ಊರಿಂದ ಒಬ್ಬ ನರರೋಗ ತಜ್ಞರು ಒಂದು ದಿನದ ಮಟ್ಟಿಗೆ ಬರುವವರಿದ್ದರು. ಇಂಥ ಮಕ್ಕಳನ್ನು ತುಂಬ ನೋಡಿದವರು. ಮೇಡಂ ಹೇಳಿದರು, "ಬ್ರಹ್ಮಾವರದವರಿಗೂ ನೀವೇ ತಿಳಿಸಿಬಿಡಿ, ನೀವು ಹೇಗೂ ಮಾತಾಡ್ತಾ ಇರ್ತೀರಲ್ಲ." ಆಯಿತು ಎಂದೆ.

ತಿಳಿಸಲಿಲ್ಲ. ಇವತ್ತು ಹೇಳುವ, ನಾಳೆ ಹೇಳುವ ಎಂದು ತಳ್ಳಿದ್ದು ಹೌದು. ಆದರೆ ಮರೆತದ್ದಲ್ಲ. ಒಂದು ದಿನವಾದರೂ, ಒಂದು ಒಳ್ಳೆಯದಾದರೂ ನನ್ನ ಮಗಳಿಗೆ ಮಾತ್ರ ಇರಲಿ ಎನ್ನುವ ಆಸೆ.

ಆ ಡಾಕ್ಟರು ನನ್ನ ಮಗಳನ್ನು ನೋಡಿದರು, ಮಾತ್ರೆಯ ಹಾಳೆ ನೋಡಿದರು, ಹುಬ್ಬು ಗಂಟು ಹಾಕಿದರು. "ಬೇರೆ ಮಕ್ಕಳಿಗೆ ಇದು ಒಳ್ಳೆಯ ಔಷಧಿ. ಈ ಕಾಯಿಲೆಯ ಮಕ್ಕಳಲ್ಲಿ ಕೆಲವರಿಗೆ ಇದರಿಂದಲೇ ಫಿಟ್ಸ್ ಹೆಚ್ಚಾಗಬಹುದು. ನಿಧಾನಕ್ಕೆ ಬದಲಿಸೋಣ" ಎಂದರು. ಬದಲಿಸಿದ ಮೇಲೆ ಮಗಳ ಫಿಟ್ಸ್ ಕಡಿಮೆಯಾಯಿತು, ಕಣ್ಣಿಗೆ ಒಂದು ಹೊಳಪು ಬಂತು. ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟಳು.

ನೀಲಿ ಅಂಚಿನ ಹಾಳೆ ತಜ್ಞರನ್ನು ಕಂಡ ದಿನವೇ ಮನೆಗೆ ಬರುವ ದಾರಿಯಲ್ಲಿ ನೆನಪಾಯಿತು. ಬ್ರಹ್ಮಾವರದಲ್ಲಿಯೂ ಅದನ್ನೇ ಕೊಡುತ್ತಿದ್ದಾರೆ. ಮನೆ ಮುಟ್ಟಿದ ಕೂಡಲೇ ಫೋನು ಮಾಡಬೇಕು ಎಂದುಕೊಂಡೆ. ಮುಟ್ಟಿ, ಮಗಳಿಗೆ ಗಂಜಿ ತಿನ್ನಿಸಿ, ಫೋನು ಕೈಗೆತ್ತಿಕೊಂಡರೆ ಅವಳದೇ ಮೆಸೇಜು ಬಂದಿತ್ತು. ಒಂದು ವಿಡಿಯೋ. ಹುಡುಗಿ ಕಿಟಕಿಯ ಸರಳು ಹಿಡಿದು ನಿಂತು ಹೊರಗೆ ಬೆರಳು ತೋರಿಸಿ "ಕಾಕಾ" ಎನ್ನುತ್ತಿದ್ದಾಳೆ. ಕೆಳಗೆ ಬರೆದಿದ್ದಳು: ಆರನೇ ಮಾತು!

ಫೋನನ್ನು ಕವುಚಿ ಇಟ್ಟೆ. ಇಷ್ಟು ಮಾತು ಬರುವಾಗ ಆ ಮಾತ್ರೆಯಿಂದ ಅವಳಿಗೇನು ಆಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವರಿಗೂ ಒಬ್ಬ ಡಾಕ್ಟರು ಇದ್ದಾರಲ್ಲ, ನಾನು ಯಾರು ಹೇಳಲು ಎಂದುಕೊಂಡೆ. ದಿನಗಳು ಹೋದವು. ಹೋದಷ್ಟೂ ಹೇಳುವುದು ಕಷ್ಟವಾಯಿತು. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವ ಪ್ರಶ್ನೆ ಬರುತ್ತಿತ್ತು.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳ ಫೋನು ಬಂತು. ದನಿ ಗುರುತೇ ಸಿಗಲಿಲ್ಲ. "ಮೂರು ದಿನ ಆಯ್ತು. ಹುಡುಗಿ ಒಂಥರಾ ಇದ್ದಾಳೆ. ಕೈ ನಡುಗ್ತಾ ಇರ್ತದೆ, ಜೊಲ್ಲು ನಿಲ್ಲುದಿಲ್ಲ, ನಿಲ್ಲಿಸಿದ್ರೆ ಕುಸಿತಾಳೆ. ಮಾತಿಲ್ಲ. ನಗುವುದೂ ಇಲ್ಲ ಮಾರಾಯ್ರೆ. ಇವರು ಶಿರಸಿ ಬದಿಗೆ ಅಡುಗೆಗೆ ಹೋಗಿದ್ದಾರೆ. ಇದು ಫಿಟ್ಸಾ? ನಿಮ್ಮ ಹುಡುಗಿಗೆ ಹೀಗೆ ಆಗಿತ್ತಾ?"

"ಆ ನೀಲಿ ಮಾತ್ರೆ ಇನ್ನೂ ಕೊಡ್ತಾ ಇದ್ದೀರಾ?" ಎಂದು ಕೇಳಿದೆ.

"ಹೌದು. ಫಿಟ್ಸ್ ಹೆಚ್ಚಾಯಿತೆಂದು ಕಳೆದ ತಿಂಗಳು ಇನ್ನರ್ಧ ಜಾಸ್ತಿ ಮಾಡಿದ್ದಾರೆ. ಯಾಕೆ?"

"ಆಸ್ಪತ್ರೆಗೆ ಹೊರಡಿ. ನಾನು ಬರ್ತೇನೆ" ಎಂದಷ್ಟೇ ಹೇಳಿದೆ.

ಮಗಳನ್ನು ಅತ್ತೆಯ ಕೈಗೆ ಕೊಟ್ಟು ಉಟ್ಟ ಬಟ್ಟೆಯಲ್ಲೇ ಹೊರಟೆ. ವಾರ್ಡಿನಲ್ಲಿ ಹುಡುಗಿ ಮಲಗಿದ್ದಳು, ಕಣ್ಣು ತೆರೆದೇ ಇತ್ತು. ತಾಯಿ ಬಾಗಿ "ನಾನು ಯಾರು ಹೇಳು, ನಾನು ಯಾರು" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಆ ಕಣ್ಣು ಅವಳನ್ನು ದಾಟಿ ಎಲ್ಲಿಯೋ ನೋಡುತ್ತಿತ್ತು. ನಾನು ಮಂಚದ ಕಾಲ ಬುಡದಲ್ಲಿ ನಿಂತಿದ್ದೆ. ನಿಜ ಹೇಳಬೇಕು. ಮೊದಲು ಬಂದದ್ದು ಪಶ್ಚಾತ್ತಾಪವಲ್ಲ. ಈಗ ಇಬ್ಬರೂ ಸಮ ಆದೆವು ಎನ್ನುವ ಒಂದು ಸಮಾಧಾನ ಹೊಟ್ಟೆಯೊಳಗೆ ಇಳಿಯಿತು, ಬಾಯಾರಿದಾಗ ನೀರು ಇಳಿದ ಹಾಗೆ. ಮರುಗಳಿಗೆಯಲ್ಲಿ ನನ್ನ ಮೇಲೆ ನನಗೇ ಹೇಸಿಗೆ ಬಂದು ಹೊರಗೆ ಹೋದೆ.

ಕೆಲಸದಲ್ಲಿದ್ದ ಡಾಕ್ಟರನ್ನು ಹುಡುಕಿ ಹೇಳಿದೆ. ಮಾತ್ರೆಯ ಹೆಸರು, ನನ್ನ ಮಗಳ ಕಾಯಿಲೆ, ಆ ತಜ್ಞರು ಬರೆದುಕೊಟ್ಟ ಚೀಟಿಯ ಫೋಟೋ, ಎಲ್ಲ ತೋರಿಸಿದೆ. ಅವರು ಉಡಾಫೆ ಮಾಡದೆ ಆ ತಜ್ಞರಿಗೇ ಫೋನು ಮಾಡಿ ಮಾತಾಡಿದರು. ಔಷಧಿ ಬದಲಾಯಿತು. ಹುಡುಗಿಯ ತಲೆಯೊಳಗೆ ಸಣ್ಣ ಸಣ್ಣ ಫಿಟ್ಸ್ ದಿನಗಟ್ಟಲೆ ನಡೆಯುತ್ತಲೇ ಇತ್ತು, ಹೊರಗೆ ಗೊತ್ತಾಗುತ್ತಿರಲಿಲ್ಲ ಎಂದರು. ಅವಳ ಗಂಡ ಬರುವವರೆಗೆ, ಮೂರು ದಿನ, ನಾನು ಅಲ್ಲಿಯೇ ಉಳಿದೆ. ಕ್ಯಾಂಟೀನಿನಿಂದ ಚಾ ತಂದುಕೊಟ್ಟೆ, ಹುಡುಗಿಯ ಬಟ್ಟೆ ಒಗೆದೆ. ತಾಯಿ ಎರಡು ಸಲ ನನ್ನ ಕೈ ಹಿಡಿದುಕೊಂಡಳು. ಆ ಕೈಯನ್ನು ಎಲ್ಲಿಡಬೇಕೆಂದು ನನಗೆ ಗೊತ್ತಾಗಲಿಲ್ಲ.

ಎರಡನೇ ದಿನ ಮಧ್ಯಾಹ್ನ ಅತ್ತೆಯ ಫೋನು.

"ಹೆಣೆ, ನೀ ಬಪ್ದ್ ಯಾವತ್ತ್? ಹೆಣ್ಣ್ ಉಂಬ್ದೇ ಇಲ್ಲ. ನಿನ್ನೆಯಿಂದ ಒಂದ್ ಸಲಿಯೂ ನಗಾಡ್ಲಿಲ್ಲ. ಬಾಗ್ಲ್ ಬದಿಯಂಗೆ ಕೂತ್ಕಂಡ್ ಗೇಟ್ ಕಾಂತಾ ಇತ್ತ್."

"ನೀವು ಹಾಡಿ ಅತ್ತೆ. ನೀವು ಹಾಡಿದ್ರೆ ನಗ್ತಾಳಲ್ಲ."

"ಹಾಡ್ದೆ ಮಾರಾಯ್ತಿ, ಗಂಟ್ಲ್ ಹೋಯ್ತ್. ನಾ ಹಾಡೂದ್ ಕಂಡ್ ನಗಾಡೂದ್ ಅಂದ್ಕಂಡಿದ್ಯಾ? ನೀ ಒಳ್ಗ್ ಪಾತ್ರೆ ಕುಟ್ಟೂದ್ ಕೇಂತಾ ಇಪ್ಪತಿಗೆ ಅದಕ್ಕೆ ನಗು."

ನಾನು ಒಳಗಿರುವ ಸದ್ದು ಕೇಳಿಸುತ್ತಿದ್ದರೆ ಮಾತ್ರ ಅವಳಿಗೆ ನಗುವಂತೆ. ಶಾಲೆ ಬಿಟ್ಟಂದಿನಿಂದ ಒಂದು ದಿನವೂ ನಾನು ಅವಳನ್ನು ಬಿಟ್ಟಿರಲಿಲ್ಲ. ನಾನಿಲ್ಲದ ಮನೆಯಲ್ಲಿ ಅವಳು ಹೇಗಿರುತ್ತಾಳೆಂದು ನಾನು ನೋಡುವುದಾದರೂ ಹೇಗೆ? ಐದು ವರ್ಷ ಅತ್ತೆಯ ಮೇಲೆ ಕರುಬಿದ್ದು ಇದಕ್ಕೆ. ಎದುರಿನ ವಾರ್ಡಿನಲ್ಲಿ ಇನ್ನೊಬ್ಬಳು "ನಾನು ಯಾರು ಹೇಳು" ಎನ್ನುತ್ತಿರುವಾಗ ನನಗೆ ಈ ಸುದ್ದಿ ಬಂತು. ಸಂತೋಷಪಡಲು ಕೂಡ ಮುಖವಿರಲಿಲ್ಲ.

ಹುಡುಗಿ ಎರಡು ವಾರದಲ್ಲಿ ಎದ್ದು ಕೂತಳು, ತಿಂಗಳ ನಂತರ ನಡೆದಳು. ನಗು ಮರಳಿತು. ಮಾತಿನಲ್ಲಿ "ಬಾ" ಮತ್ತು "ಬೇಡ" ಮಾತ್ರ ಬಂದವು. ಉಳಿದ ನಾಲ್ಕು ಬರಲಿಲ್ಲ.

ಹೇಳದೆ ಇರಲಾರೆ ಎನಿಸಿದ ದಿನ ಬ್ರಹ್ಮಾವರಕ್ಕೆ ಹೋದೆ. ಹುಡುಗಿಯ ತಾಯಿ ಜಗಲಿಯಲ್ಲಿ ಬಾಳೆ ಎಲೆ ಒರೆಸಿ ಕಟ್ಟುತ್ತಿದ್ದಳು, ಮರುದಿನದ ಅಡುಗೆಗೆ ಗಂಡ ಒಯ್ಯಲಿಕ್ಕೆ. ಎದುರು ಕೂತು ಎಲ್ಲ ಹೇಳಿದೆ. ತಜ್ಞರು ಬಂದದ್ದು, ನಾನು ತಿಳಿಸದೆ ಇದ್ದದ್ದು, ನೀಲಿ ಮಾತ್ರೆ, ಆರನೇ ಮಾತಿನ ವಿಡಿಯೋ.

ಅವಳು ಎಲೆ ಒರೆಸುವುದನ್ನು ನಿಲ್ಲಿಸಲಿಲ್ಲ. "ಯಾವಾಗ ಗೊತ್ತಾದದ್ದು ನಿಮಗೆ?"

"ಆಸ್ಪತ್ರೆಗೆ ಸೇರಿಸುವ ನಾಲ್ಕು ತಿಂಗಳ ಮೊದಲು."

"ಮಾತ್ರೆಯಿಂದಲೇ ಆದದ್ದು ಅಂತ ಖಂಡಿತ ಹೇಳ್ಲಿಕ್ಕೆ ಬರುದಿಲ್ಲ ಅಂದಿದ್ದಾರೆ ಡಾಕ್ಟರು" ಎಂದಳು. ಆ ಮಾತನ್ನು ಹಿಡಿದುಕೊಳ್ಳಲು ನನಗೆ ಎಷ್ಟು ಆಸೆಯಾಯಿತು! ಆದರೆ ಅವಳು ಮುಂದುವರಿಸಿದಳು, "ಆದ್ರೆ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ರಿ. ಯಾಕೆ?"

"ನಿಮ್ಮ ಮಗಳು ಅಮ್ಮ ಅಂತಿದ್ಲಲ್ಲ. ಅದಕ್ಕೆ."

ಅವಳು ಒರೆಸುತ್ತಿದ್ದ ಎಲೆಯನ್ನು ಕೆಳಗಿಟ್ಟಳು. "ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಹೇಳ್ತಿದ್ದೆ" ಎಂದಳು. "ಹೊಟ್ಟೆಕಿಚ್ಚು ನಂಗೂ ಆಗ್ತಿತ್ತು. ಆದ್ರೂ ಹೇಳ್ತಿದ್ದೆ." ಎಲೆಯ ಕಟ್ಟನ್ನು ಎತ್ತಿಕೊಂಡು ಒಳಗೆ ಹೋದಳು, ಹೊರಗೆ ಬರಲಿಲ್ಲ. ಅವಳ ಮಾವ, ಏನೂ ಗೊತ್ತಿಲ್ಲದ ಹಿರಿಯರು, ಚಾ ಕುಡಿದು ಹೋಗಿ ಎಂದರು. ನಾನು ಎದ್ದು ಬಂದೆ.

ಏಳು ತಿಂಗಳು ಮಾತಿಲ್ಲ. ಥೆರಪಿಗೆ ಅವರು ಬರುವ ದಿನ ಬದಲಾಯಿಸಿಕೊಂಡಿದ್ದರು. ಆ ನಡುವೆ ನಾನು ನಾವುಂದಕ್ಕೆ ಹೋಗಿ ಬಂದೆ. ತಂಗಿಯ ಮಗ ಶಾಲೆಯ ಪದ್ಯವನ್ನು ಒಂದೇ ಉಸಿರಿಗೆ ಹೇಳಿದ, ನನ್ನ ಮಗಳು ಚಪ್ಪಾಳೆ ತಟ್ಟಿದಳು. ಹೊಟ್ಟೆ ಉರಿಯಿತು. ಉರಿಯಲಿ ಎಂದು ಕೂತೆ, ಎದ್ದು ಬರಲಿಲ್ಲ. ಅಬ್ಬಿ ಹೇಳಿದಳು, "ಈಗ ಬಂದ್ಯಲ್ಲ, ಸಾಕ್."

ಆಮೇಲೆ ಒಂದು ದಿನ ಬ್ರಹ್ಮಾವರದಿಂದ ಮೆಸೇಜು. ಕುಶಲ ವಿಚಾರಣೆ ಇಲ್ಲ, ಏನಿಲ್ಲ. "ನಿಮ್ಮ ಮಗಳಿಗೆ ಪಾದ ಒಳಗೆ ತಿರುಗುದಕ್ಕೆ ಶೂ ಎಲ್ಲಿ ಮಾಡಿಸಿದ್ರಿ?"

ಅಂಗಡಿ, ಅಳತೆ ಕೊಡುವ ಬಗೆ, ಹಿಮ್ಮಡಿಯಲ್ಲಿ ಹುಣ್ಣಾಗದಂತೆ ಒಳಗೆ ಏನು ಇಡಬೇಕು, ಎಲ್ಲ ಬರೆದೆ. ಒಂದೂ ಬಿಡಲಿಲ್ಲ. ಅವತ್ತಿನಿಂದ ನನಗೆ ತಿಳಿದದ್ದನ್ನೆಲ್ಲ ತಿಳಿದ ದಿನವೇ ಬರೆಯುತ್ತೇನೆ. ಅದು ಒಳ್ಳೆಯತನವಲ್ಲ, ನನ್ನನ್ನು ನಾನು ನಂಬದೆ ಹಾಕಿಕೊಂಡ ಕಟ್ಟು.

ಶೂ ಅಂಗಡಿಯಲ್ಲಿಯೇ ಮತ್ತೆ ಎದುರಾದೆವು. ಹುಡುಗಿಯ ಕಾಲಿನ ಅಳತೆ ತೆಗೆಯುವಾಗ ಅವಳು ನನ್ನ ಕಡೆ ನೋಡದೆ ಹೇಳಿದಳು, "ನಾನು ನಿಮ್ಮನ್ನ ಕ್ಷಮಿಸಿದ್ದೇನೆ ಅಂತ ತಿಳ್ಕೊಬೇಡಿ. ಇಲ್ಲ. ಆದ್ರೆ ಇದನ್ನೆಲ್ಲ ನಿಮ್ಮನ್ನ ಬಿಟ್ಟು ಇನ್ಯಾರ ಹತ್ರ ಕೇಳ್ಲಿ?"

"ಕೇಳಿ" ಎಂದೆ.

ಈಗ ಮಕ್ಕಳಿಬ್ಬರಿಗೂ ಒಂಬತ್ತಾಗಿದೆ. ನನ್ನ ಮಗಳು ಒಂದು ಕೈ ಹಿಡಿದರೆ ನಡೆಯುತ್ತಾಳೆ. ಮಾತಿಲ್ಲ, ಬರುವುದೂ ಇಲ್ಲ. ಮಂಗಳವಾರ ಇಬ್ಬರೂ ಒಂದೇ ಹೊತ್ತಿಗೆ ಥೆರಪಿಗೆ ಬರುತ್ತಾರೆ. ಹೊರಗಿನ ಬೆಂಚಿನಲ್ಲಿ ನಾವಿಬ್ಬರು ಮಧ್ಯದಲ್ಲಿ ಚೀಲ ಇಟ್ಟುಕೊಂಡು ಕೂರುತ್ತೇವೆ. ಕಳೆದ ಮಂಗಳವಾರ ಅವಳು ತಡೆದು ತಡೆದು, ನನ್ನ ಮುಖವನ್ನೇ ನೋಡುತ್ತ ಹೇಳಿದಳು, "ಮೊನ್ನೆ ಅಮ್ಮ ಅಂದ್ಲು. ಎರಡು ಸಲ."

"ಒಳ್ಳೇದಾಯ್ತು" ಎಂದೆ. ಹೊಟ್ಟೆಯಲ್ಲಿ ಹಳೆಯ ಕಿಚ್ಚು ಎದ್ದು ಕೂತದ್ದು ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಅವಳು ಚೀಲದಿಂದ ಪ್ಲಾಸ್ಕು ತೆಗೆದು ಮುಚ್ಚಳದಲ್ಲಿ ಚಾ ಬಗ್ಗಿಸಿ, ಮೊದಲು ತಾನು ಕುಡಿದು, ಆಮೇಲೆ ಅದೇ ಮುಚ್ಚಳದಲ್ಲಿ ನನಗೂ ಬಗ್ಗಿಸಿ ಕೊಟ್ಟಳು.